ಮಾವ ನಿಲ್ಲಿಸಿದ ನಾಲ್ಕನೆಯ ವಿಮಾನ

ಬೆಂಗಳೂರಿಗೆ ಬಂದಿಳಿಯುವ ವಿಮಾನಗಳೆಲ್ಲ ನನ್ನ ಸೋದರಮಾವನ ಮಾತು ಕೇಳುತ್ತಿದ್ದವು. ಕೇಳದೆ ಇದ್ದವರು ನಮ್ಮತ್ತೆ ಒಬ್ಬರೇ!

ಎಪ್ಪತ್ತರ ದಶಕದಲ್ಲಿ ಮಾವ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದರು. ನೆಲಕ್ಕಿಳಿದ ವಿಮಾನ ನಿಧಾನವಾಗಿ ಉರುಳಿಕೊಂಡು ತನ್ನ ಜಾಗಕ್ಕೆ ಬರುವಾಗ ಅದರ ಎದುರಿಗೆ ನಿಂತು, ಟೇಬಲ್ ಟೆನಿಸ್ ಬ್ಯಾಟಿನಂಥ ಎರಡು ಹಲಗೆ ಬೀಸುತ್ತ, ಬಾ, ಬಾ, ಸ್ವಲ್ಪ ಎಡಕ್ಕೆ, ಸಾಕು ಎಂದು ಸನ್ನೆ ಮಾಡುವುದು ಅವರ ಕೆಲಸ. ಹಲಗೆಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದರೆ ಎಂಥ ಪೈಲಟ್ಟೂ ಬ್ರೇಕ್ ಒತ್ತಲೇಬೇಕು. ಮನೆಯಲ್ಲಿ ಅತ್ತೆ ಹುಳಿ ಬಡಿಸಲು ಬಂದಾಗಲೂ ಮಾವ ಕೈಗಳನ್ನು ಹಾಗೇ ಅಡ್ಡ ಹಿಡಿಯುತ್ತಿದ್ದರು. ಅತ್ತೆ ಇನ್ನೊಂದು ಸೌಟು ಸುರಿಯುತ್ತಿದ್ದರು.

"ಆಕಾಶದಲ್ಲಿ ವಿಮಾನಕ್ಕೆ ಅಷ್ಟೊಂದು ಭಯ ಇಲ್ಲ ಕಣೋ," ಎನ್ನುತ್ತಿದ್ದರು ನನಗೆ. "ಭಯ ಇರೋದೆಲ್ಲ ನೆಲದ ಮೇಲೆ. ಒಂದು ಮೊಳೆ ಸಾಕು, ಟೈರ್ ಹೋಗುತ್ತೆ. ಒಂದು ಕಲ್ಲು ಸಾಕು, ಎಂಜಿನ್ ಹೋಗುತ್ತೆ."

ಈ ಭಯವನ್ನು ಅವರು ನಿಲ್ದಾಣದಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಗಾಂಧಿಬಜಾರಿನಲ್ಲೂ ತಲೆ ಬಗ್ಗಿಸಿಯೇ ನಡೆಯುತ್ತಿದ್ದರು. ಮೊಳೆ, ಹೇರ್‌ಪಿನ್ನು, ಸೋಡಾ ಬಾಟಲಿಯ ಮುಚ್ಚಳ, ಕಂಡದ್ದೆಲ್ಲ ಅವರ ಜೇಬಿಗೆ. ಒಂದು ಸಂಜೆ ಹೂವಿನ ಅಂಗಡಿಗಳ ಮುಂದೆ ಅಪರಿಚಿತರೊಬ್ಬರು ಹತ್ತು ನಿಮಿಷ ಇವರ ಜೊತೆಗೇ ಬಗ್ಗಿ ಹುಡುಕಿ, ಸೊಂಟ ನೋವು ಬಂದ ಮೇಲೆ ಕೇಳಿದರು: "ಏನ್ ಸಾರ್ ಕಳಕೊಂಡ್ರಿ?"

"ಇನ್ನೂ ಏನೂ ಕಳಕೊಂಡಿಲ್ಲ," ಎಂದರು ಮಾವ. "ಅದಕ್ಕೇ ಹುಡುಕ್ತಿದೀನಿ."

ನನ್ನ ಅಕ್ಕನ ಮದುವೆ ಚಾಮರಾಜಪೇಟೆಯ ಛತ್ರವೊಂದರಲ್ಲಿ. ವರನ ಅಂಬಾಸಿಡರ್ ಕಾರು ಗೇಟಿನೊಳಗೆ ಬರುವಾಗ ಮಾವ ಅದನ್ನು ತಡೆದು, ಎರಡು ಪಕ್ಕದಲ್ಲೂ ಹತ್ತತ್ತು ಅಡಿ ದೂರಕ್ಕೆ ಒಬ್ಬೊಬ್ಬರನ್ನು ನಿಲ್ಲಿಸಿದರು. ವಿಮಾನದ ರೆಕ್ಕೆಯ ತುದಿ ಗೋಡೆಗೆ ತಗಲದಂತೆ ನೋಡಿಕೊಳ್ಳುವವರಂತೆ!

"ಕಾರಿಗೆ ಎಲ್ರೀ ರೆಕ್ಕೆ?" ಎಂದು ಬೀಗರು ರೇಗಿದರು.

"ಇದೆ ಅಂತ ಅಂದ್ಕೊಂಡು ಓಡಿಸಿದ್ರೇನೇ ಸಾರ್ ಗೋಡೆಗೆ ತಗಲಲ್ಲ."

ಎಡಗಡೆ ನಿಂತಿದ್ದವರು ಪುರೋಹಿತರು. ಒಳಗೆ ಹೋಮದ ಬೆಂಕಿ ಆರಿಹೋಯಿತು.

ಇಂಥವರ ಕೈಗೆ ವಿಮಾನ ನಿಲ್ಲಿಸುವ ಅಧಿಕಾರ ಕೊಟ್ಟರೆ ಏನಾಗುತ್ತದೆ? ಅದೇ ಆಯಿತು. ಒಂದೇ ವರ್ಷದಲ್ಲಿ ಮೂರು ವಿಮಾನಗಳನ್ನು ನಡುದಾರಿಯಲ್ಲಿ ತಡೆದರು. ಮೊದಲನೆಯದು ಒಂದು ಹೇರ್‌ಪಿನ್ನಿಗಾಗಿ, ಎರಡನೆಯದು ಬಾಟಲಿ ಮುಚ್ಚಳಕ್ಕಾಗಿ, ಮೂರನೆಯದು ಹದ್ದಿನ ನೆರಳಿಗಾಗಿ. ನೆರಳನ್ನು ಹೆಕ್ಕಲು ಹೋದಾಗ ಅದು ಹಾರಿಹೋಯಿತಂತೆ!

ಮೇಲಧಿಕಾರಿ ಕರೆದು ಹೇಳಿದರು: "ಇನ್ನೊಂದು ಸಲ ಸುಮ್ಸುಮ್ನೆ ನಿಲ್ಸಿದ್ರೆ ನಿಮ್ಮನ್ನ ಉಗ್ರಾಣಕ್ಕೆ ಹಾಕ್ತೀನಿ. ಅಲ್ಲಿ ಕೂತ್ಕೊಂಡು ನಟ್ಟು ಬೋಲ್ಟು ಎಣಿಸಿ."

ಆ ವಾರ ಮಾವ ಸರಿಯಾಗಿ ಊಟ ಮಾಡಲಿಲ್ಲ. ಹದಿನೆಂಟು ವರ್ಷ ವಿಮಾನಗಳನ್ನು ಎದುರುಗೊಂಡವರು. ಉಗ್ರಾಣಕ್ಕೆ ಒಂದು ಕಿಟಕಿಯೂ ಇರಲಿಲ್ಲ.

ಆಯುಧಪೂಜೆ ಬಂತು. ನಿಲ್ದಾಣದಲ್ಲಿ ಸಾಮಾನು ಎಳೆಯುವ ಟ್ರ್ಯಾಕ್ಟರು, ಪ್ರಯಾಣಿಕರು ಹತ್ತಿ ಇಳಿಯುವ ಏಣಿಗಾಡಿ ಎಲ್ಲಕ್ಕೂ ಹೂವು, ಗಾಲಿಗಳ ಕೆಳಗೆ ನಿಂಬೆಹಣ್ಣು. ಬೂದುಗುಂಬಳಕಾಯಿಯೊಳಗೆ ಕುಂಕುಮ, ಚಿಲ್ಲರೆ ಕಾಸು. "ಕಾಸು ಮಾತ್ರ ಬೇಡ್ರಪ್ಪಾ," ಎಂದು ಮಾವ ಕೈಮುಗಿದರು. "ಕಾಸಿಲ್ದೆ ದೃಷ್ಟಿ ಹೋಗುತ್ತಾ ಸಾರ್?" ಎಂದು ಟ್ರ್ಯಾಕ್ಟರ್ ಡ್ರೈವರು ವಿಮಾನ ನಿಲ್ಲುವ ಕಾಂಕ್ರೀಟ್ ಅಂಗಳದ ಮೇಲೇ ಕಾಯಿ ಒಡೆದ. ಕಾಸು ನಾಲ್ಕು ದಿಕ್ಕಿಗೂ ಚಿಮ್ಮಿತು. ಮಾವ ಕತ್ತಲಾಗುವವರೆಗೆ ಮಂಡಿಯೂರಿ ಹೆಕ್ಕಿದರು. ಜೊತೆಗೆ ದಿನಗೂಲಿಯ ಮೇಲೆ ಕಸ ಗುಡಿಸುವ ಮುನಿಯಮ್ಮ.

"ಏನ್ ಕಂಡ್ರೂ ತಕ್ಷಣ ಓಡೋಗಿ ಎತ್ಕೋಬೇಕು ಮುನಿಯಮ್ಮ."

"ಒಂದು ಕಡ್ಡಿ ಬಿದ್ದಿದ್ರೂ ಎತ್ಕೊಂಬತ್ತೀನಿ ಸಾಮಿ."

ಮಾರನೆಯ ದಿನ ವಿಜಯದಶಮಿ. ಕಾಲೇಜಿಗೆ ರಜೆ. ಮಾವನ ಕೆಲಸ ನೋಡಲೆಂದು, ವಿಮಾನ ನೋಡುವವರಿಗಾಗಿ ನಿಲ್ದಾಣದಲ್ಲಿದ್ದ ತಾರಸಿಗೆ ಟಿಕೆಟ್ ಕೊಂಡು, ಅದರ ಎಡತುದಿಯಲ್ಲಿ ನಿಂತೆ. ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಇಷ್ಟು ವರ್ಷ ಬರೆದಿರಲಿಲ್ಲ. ಮಾವ, ಮುನಿಯಮ್ಮ ಇಬ್ಬರೂ ಈಗಿಲ್ಲ.

ರೆಕ್ಕೆಗೊಂದು ಪ್ರೊಪೆಲರ್ ಪಂಖವಿದ್ದ ವಿಮಾನವೊಂದು ಒಳಗೆ ಬರುತ್ತಿತ್ತು. ಪಂಖ ಜೋರಾಗಿ ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಬರೀ ಗಾಳಿಯಿದೆ ಎನ್ನಿಸುತ್ತದೆ. ತಾರಸಿಯ ಜನರೆಲ್ಲ ವಿಮಾನದ ಕಿಟಕಿಗಳ ಕಡೆ ಕೈಬೀಸುತ್ತಿದ್ದರು. ಏಣಿಗಾಡಿಯ ಮರೆಯಿಂದ ಮುನಿಯಮ್ಮ ಹೊರಬಂದಳು. ತಲೆ ಬಗ್ಗಿತ್ತು, ಬಲಗೈ ಮುಂದೆ ಚಾಚಿತ್ತು. ನೆಲದಲ್ಲಿ ಏನೋ ಹೊಳೆಯುತ್ತಿತ್ತು. ಅವಳು ಪಕ್ಕದಿಂದ ಬರುತ್ತಿದ್ದುದರಿಂದ ಪೈಲಟ್ಟಿಗೆ ಕಾಣುವಂತಿರಲಿಲ್ಲ. ಅವಳಿಗೂ ಪಂಖಕ್ಕೂ ನಡುವೆ ಐದಾರು ಹೆಜ್ಜೆ. ವಿಮಾನ ಮುಂದಕ್ಕೆ ಬರುತ್ತಲೇ ಇತ್ತು.

ಮಾವನ ಹಲಗೆಗಳು ತಲೆಯ ಮೇಲೆ ಅಡ್ಡವಾದವು. ವಿಮಾನ ಮುಗ್ಗರಿಸಿದಂತೆ ನಿಂತಿತು. ಮುನಿಯಮ್ಮ ತಲೆಯೆತ್ತಿದಳು, ಸೆರಗು ಪಟಪಟ ಹಾರಿತು, ಒಂದೊಂದೇ ಹೆಜ್ಜೆ ಹಿಂದಿಟ್ಟು ಏಣಿಗಾಡಿಯ ಹಿಂದೆ ಮರೆಯಾದಳು. ಬೇರೆ ಯಾರೂ ಆ ಕಡೆ ನೋಡಲಿಲ್ಲ. ನಾನು ಹಿಡಿದಿದ್ದ ಕಂಬಿಯನ್ನು ಬಿಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ವಿಮಾನದೊಳಗೆ ದೊಡ್ಡ ಮನುಷ್ಯರೊಬ್ಬರ ಹಣೆ ಮುಂದಿನ ಸೀಟಿಗೆ ಬಡಿದಿತ್ತು. ಒಂದು ಗಂಟೆಯೊಳಗೆ ಮಾವನಿಗೆ ಕರೆ ಬಂತು. ಅಧಿಕಾರಿಯ ಕೋಣೆಯ ಬಾಗಿಲು ತೆರೆದೇ ಇತ್ತು, ನಾನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ.

"ಏನ್ರೀ ಇತ್ತು ಅಲ್ಲಿ?"

"ಏನೂ ಇರ್ಲಿಲ್ಲ ಸಾರ್. ಏನೋ ಇದ್ದ ಹಾಗೆ ಕಾಣ್ತು."

"ನಾಳೆಯಿಂದ ಉಗ್ರಾಣ."

"ಆಗ್ಲಿ ಸಾರ್."

ಬಸ್ಸಿನಲ್ಲಿ ಮಾವ ಎರಡೂ ಕೈಗಳನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಕುಳಿತಿದ್ದರು.

"ನಾನು ನೋಡ್ದೆ ಮಾವ. ಯಾಕೆ ಹೇಳ್ಲಿಲ್ಲ?"

"ನೀನೂ ಹೇಳ್ಬೇಡ. ಹೇಳಿದ್ರೆ ಆಯಮ್ಮಂಗೆ ಕೆಲ್ಸ ಹೋಗುತ್ತೆ. ನಂಗೆ ಬರೀ ಜಾಗ ಹೋಗುತ್ತೆ." ಒಂದೆರಡು ಸ್ಟಾಪ್ ಕಳೆದ ಮೇಲೆ ಅಂದರು: "ಓಡೋಗಿ ಎತ್ಕೋ ಅಂತ ಕಲಿಸ್ದೋನು ನಾನು. ನಿಂತು ನೋಡ್ಕೊಂಡು ಹೋಗು ಅಂತ ಹೇಳೋದು ಮರೆತೆ ಕಣೋ."

ಮನೆಯಲ್ಲಿ ಹಬ್ಬದೂಟಕ್ಕೆ ನೆಂಟರೆಲ್ಲ ಸೇರಿದ್ದರು. ಸುದ್ದಿ ನಮಗಿಂತ ಮುಂಚೆ ಬಂದಿತ್ತು. ಮಾವನ ಜೊತೆಗೆ ಕೆಲಸ ಮಾಡುವವರೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಎಲೆಯ ಮುಂದೆ ಕೂತೊಡನೆ ಅತ್ತೆಯ ತಮ್ಮ ಶುರುಮಾಡಿದರು.

"ಏನ್ ಭಾವ, ಈ ಸಲ ಏನ್ ಸಿಕ್ತು? ಹದ್ದೋ, ಗುಬ್ಬಚ್ಚಿಯೋ?"

"ಏನೂ ಇರ್ಲಿಲ್ಲಪ್ಪ," ಎಂದರು ಮಾವ.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಮಾವ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ, ಬಡಿಸುತ್ತಿದ್ದ ಅತ್ತೆಗೆ ಮೆಲ್ಲಗೆ ಹೇಳಿದರು:

"ಅವನಿಗೆ ಇನ್ನೊಂದು ಹೋಳಿಗೆ ಹಾಕೇ."