ಒಂಬತ್ತನೇ ಫಿಲ್ಮನ್ನು ಕಾಯಿಸದಿರುವ ಬಗ್ಗೆ

ಲಕ್ಷ್ಮೀಪುರಂ, ಮೈಸೂರು
೧೬ ನವೆಂಬರ್ ೧೯೯೮

ಇಂದ
ಸರ್ವಮಂಗಳಾ, ಎಂ.ಎಸ್ಸಿ.
(ದಿವಂಗತ ಸಂಶೋಧಕ ಶಿವಕಿರಣ್ ಅವರ ಪತ್ನಿ)

ಗೆ
ಮುಖ್ಯಸ್ಥರು, ಪಾಲಿಮರ್ ವಿಭಾಗ

ವಿಷಯ: ಪತಿ ಎರವಲು ತಂದ ಹಾಟ್‌ಪ್ಲೇಟನ್ನು ಹಿಂದಿರುಗಿಸಿ, ಒಂದು ಫಿಲ್ಮನ್ನು ಮಾತ್ರ ಉಳಿಸಿಕೊಳ್ಳಲು ಅನುಮತಿ ಕೋರಿ.

ಉಲ್ಲೇಖ: ಉಗ್ರಾಣದ ಏಕಾಂತಯ್ಯನವರು ಶನಿವಾರ ನಮ್ಮ ಮನೆಯಲ್ಲಿ ದೋಸೆ ತಿನ್ನುತ್ತಾ ತಿಳಿಸಿದ ನಿಯಮಗಳು.

ಮಾನ್ಯರೇ,

೧. ಮಣ್ಣು ಮಾಡಿ, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಹಾಲಿನವನು ಎಂದಿನಂತೆ ಒಂದು ಲೀಟರ್ ಹಾಕಿಹೋದ. ಗ್ಯಾಸ್ ಮುಗಿದಿತ್ತು. ಆ ಕಾರಣ ನನ್ನ ಅತ್ತೆ ಪುಟ್ಟಬಸಮ್ಮನವರು ವಿಭಾಗದ ಹಾಟ್‌ಪ್ಲೇಟಿನ ಮೇಲೆ ಹೆಂಚಿಟ್ಟು ದೋಸೆ ಹೊಯ್ದರು. ನೂರ ಎಂಬತ್ತು ಡಿಗ್ರಿಗೆ ಅಂಚು ಗರಿಯಾಗುತ್ತದೆಂದು ಸಾಬೀತಾಗಿದೆ.

೨. ಅಷ್ಟರಲ್ಲಿ ಏಕಾಂತಯ್ಯನವರು ಎರವಲಿನ ವಹಿಯೊಂದಿಗೆ ಬಂದರು. "ತಗೊಂಡೋರೇ ಬಂದು ಸೈನ್ ಹಾಕ್ಬೇಕು ಕಣಮ್ಮ, ರೂಲು," ಎಂದರು.

"ಅವನನ್ನ ಎಲ್ಲಿಂದ ಕರ್ಕೊಂಡ್ ಬರ್ಲಿ ಏಕಾಂತಯ್ಯನೋರೇ?" ಎಂದ ಅತ್ತೆ, "ಇನ್ನೊಂದು ಹಾಕ್ಲಾ?" ಎಂದು ಕೇಳಿದರು.

ಇನ್ನೊಂದನ್ನು ಹಾಕಿಸಿಕೊಂಡು ಅವರು ಎರಡನೇ ನಿಯಮ ತಿಳಿಸಿದರು: ಪತಿ ತಯಾರಿಸಿದ ಒಂಬತ್ತು ಪಾಲಿಮರ್ ಫಿಲ್ಮುಗಳೂ ಬರಬೇಕು. ಕಾಯಿಸದೆ ಬಾಕಿ ಉಳಿದದ್ದನ್ನು ವಿಭಾಗದಲ್ಲೇ ಕಾಯಿಸಿ ಫಲಿತಾಂಶದ ಪಟ್ಟಿ ಪೂರ್ತಿ ಮಾಡಲಾಗುವುದು.

೩. ಪತಿಯವರು ಎರಡು ಪಾಲಿಮರುಗಳನ್ನು ಒಂದೇ ದ್ರಾವಕದಲ್ಲಿ ಕರಗಿಸಿ, ಗಾಜಿನ ಮೇಲೆ ಸುರಿದು ಒಣಗಿಸುತ್ತಿದ್ದರು. ಹಾಗೆ ಸಿಗುವ ತೆಳು ಹಾಳೆಯೇ ಫಿಲ್ಮ್; ಅದು ತಿಳಿಯಾಗಿದ್ದರೆ ಎರಡೂ ಬೆರೆತಿವೆ ಎಂದರ್ಥ. ಕಾಯಿಸುತ್ತಾ ಹೋದರೆ ಒಂದು ಹಂತದಲ್ಲಿ ಬೇರೆಯಾಗಿ ಮಬ್ಬಾಗುತ್ತವೆ. ಎಂಟು ಫಿಲ್ಮುಗಳು ಹಾಗೆಯೇ ಆದವು. ಒಂಬತ್ತನೆಯದನ್ನು ಮಂಗಳವಾರ ಕಾಯಿಸುವುದಿತ್ತು. ಮುನ್ನಾದಿನ ಸೋಮವಾರ ಕಡಕೊಳದಿಂದ ಬರುವಾಗ ಸ್ಕೂಟರ್ ಅಪಘಾತವಾಯಿತು.

೪. ಸದರಿ ಫಿಲ್ಮ್ ಅಡುಗೆಮನೆಯ ಕಿಟಕಿಗೆ ಪತಿ ಅಂಟಿಸಿದ್ದಲ್ಲೇ ಇದೆ. ಅದರ ಮೂಲಕ ಎದುರುಮನೆಯವರು ಒಣಹಾಕಿದ ಲುಂಗಿಯ ಚೌಕಗಳನ್ನು ಎಣಿಸಬಹುದು. ಅತ್ತೆ ದಿನಾ ಬೆಳಿಗ್ಗೆ "ಇನ್ನೂ ತಿಳಿಯಾಗಿದ್ಯೇನಮ್ಮ?" ಎಂದು ವಿಚಾರಿಸುತ್ತಾರೆ. ಇದೆ ಎಂದು ವರದಿ ಮಾಡುತ್ತೇನೆ. ಆಮೇಲೆ ಇಬ್ಬರೂ ಕಾಫಿ ಕುಡಿಯುತ್ತೇವೆ.

೫. ಒಮ್ಮೆ ಮಬ್ಬಾದದ್ದು ಆರಿದ ಮೇಲೂ ಮೊದಲಿನಂತಾಗಲಿಲ್ಲ. ಎಂಟು ಸಲ ನೋಡಿದ್ದೇವೆ.

ಆದ್ದರಿಂದ ಪಟ್ಟಿಯಲ್ಲಿ ಒಂಬತ್ತನೇ ಸಾಲನ್ನು ಖಾಲಿ ಬಿಡಬೇಕಾಗಿಯೂ, ವಹಿಯಲ್ಲಿ ಪತಿಯ ಸಹಿಯ ಜಾಗದಲ್ಲಿ ನನ್ನದನ್ನು ಒಪ್ಪಿಕೊಳ್ಳಬೇಕಾಗಿಯೂ ಕೋರುತ್ತೇನೆ.

ತಮ್ಮ ವಿಶ್ವಾಸಿ
(ತಂದವರ ಪರವಾಗಿಯೂ),
ಸರ್ವಮಂಗಳಾ

ಲಗತ್ತುಗಳು:
೧. ಫಿಲ್ಮ್ – ಎಂಟು. ಮೂರನೆಯದರ ಮೇಲಿನ ಹಸಿರು ಚಟ್ನಿಯದು, ಫಲಿತಾಂಶವೆಂದು ಬರೆದುಕೊಳ್ಳಬಾರದು.
೨. ಹಾಟ್‌ಪ್ಲೇಟ್ – ಒಂದು. ನಾನೇ ಆಟೋದಲ್ಲಿ ತಂದಿದ್ದೇನೆ. ಇಂದು ಬೆಳಿಗ್ಗೆಯೂ ದೋಸೆಯಾದ ಕಾರಣ ಇನ್ನೂ ಬಿಸಿ ಇದೆ. ದಯಮಾಡಿ ಬಟ್ಟೆಯಲ್ಲಿ ಹಿಡಿದು ಪಡೆದುಕೊಳ್ಳಬೇಕು.