ಉಬ್ಬಿದ ನಕ್ಷತ್ರ

ನಕ್ಷತ್ರಗಳ ವಿಷಯದಲ್ಲಿ ಇಡೀ ಬಳ್ಳಾರಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಏಕೆಂದರೆ ಆ ವಿಷಯ ಮಾತಾಡುತ್ತಿದ್ದವನೇ ನಾನೊಬ್ಬ!

ನಮ್ಮ ಜಿಲ್ಲೆ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸ್ವರಾಜ್ಯ ಬಂದಾಗ ಊರು ಬಿಟ್ಟು ಹೊರಟ ಇಂಗ್ಲಿಷ್ ದೊರೆಯೊಬ್ಬರ ಸಾಮಾನು ಹರಾಜಾಗಿ, ನನ್ನ ಪಾಲಿಗೊಂದು ಹಿತ್ತಾಳೆಯ ದುರ್ಬೀನು ಬಂದಿತ್ತು.

ಒಂದು ಸಂಜೆ ಮಾಳಿಗೆ ಹತ್ತಿ, ಬರಿಗಣ್ಣಿಗೆ ಕಾಣದ ಒಂದು ಮಂದ ನಕ್ಷತ್ರವನ್ನು ಹುಡುಕಿ ಹಿಡಿದೆ. ಬಣ್ಣ ಬಿಳಿ, ವರ್ಗ ಸಾಧಾರಣ ಎಂದು ನನ್ನ ಬಳಿಯಿದ್ದ ನಕ್ಷತ್ರಪಟ್ಟಿಯ ಪುಸ್ತಕ ಹೇಳುತ್ತಿತ್ತು. ನನಗೆ ಕಂಡದ್ದೇ ಬೇರೆ. ಬಣ್ಣ ಹಳದಿ! ಮೈಯೂ ಉಬ್ಬಿದೆ!

ನಕ್ಷತ್ರದ ಒಡಲಲ್ಲಿ ಉರಿಯುವ ಜಲಜನಕ ತೀರುತ್ತ ಬಂದರೆ ಅದರ ಮೈ ಹಿಗ್ಗುತ್ತದೆ, ಹೊರಗಿನ ಕಾವು ಇಳಿದು ಬಣ್ಣ ಹಳದಿಗೆ ತಿರುಗುತ್ತದೆ. ತುಸು ಹಿಗ್ಗಿದರೆ ಉಪದೈತ್ಯ, ಬಹಳ ಹಿಗ್ಗಿದರೆ ದೈತ್ಯ. ಇದಕ್ಕೆಲ್ಲ ಕೋಟಿಗಟ್ಟಲೆ ವರ್ಷ ಬೇಕು. ನನ್ನ ನಕ್ಷತ್ರ ಮಾತ್ರ ಪುಸ್ತಕ ಅಚ್ಚಾದ ಮೇಲೆ ಇಷ್ಟರಲ್ಲೇ ಬಡ್ತಿ ಪಡೆದಿತ್ತು!

"ಗೌರೀ, ಓಡಿ ಬಾ! ನಕ್ಷತ್ರ ಉಬ್ಬೈತಿ!" ಎಂದು ಹೆಂಡತಿಯನ್ನು ಕೂಗಿದೆ.

"ಒಲಿ ಮ್ಯಾಲೆ ಹಾಲು ಉಬ್ಬಾಕತ್ತೈತ್ರಿ. ಮೊದಲು ಅದನ್ನ ನೋಡ್ತೀನಿ" ಎಂದಳು.

ಮರುದಿನ ಬೆಳಿಗ್ಗೆಯೇ ಮದರಾಸಿನ ಪ್ರೊಫೆಸರೊಬ್ಬರಿಗೆ ಪತ್ರ ಹಾಕಿದೆ. "ಸದರಿ ನಕ್ಷತ್ರವು ಉಪದೈತ್ಯ ಪದವಿಗೇರಿರುವುದರಿಂದ ತಮ್ಮ ಪಟ್ಟಿಯನ್ನು ಕೂಡಲೇ ತಿದ್ದಿಕೊಳ್ಳತಕ್ಕದ್ದು." ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಇರಲಿಲ್ಲ! ನಾಲ್ಕು ದಿನ ಬಿಟ್ಟು ದುರ್ಬೀನು ಹೊತ್ತು ಹೆಂಡತಿಯೊಂದಿಗೆ ಕುರುಗೋಡಿನ ಮಾವನ ಮನೆಗೆ ಬಸ್ಸು ಹತ್ತಿದೆ.

ಸಂಜೆ ಮಾಳಿಗೆಯ ಮೇಲೆ ಊರ ಹಿರಿಯರು ಹತ್ತು ಜನ ಸೇರಿದರು. ನಾನು ಉಪದೈತ್ಯನ ಗುಣಲಕ್ಷಣಗಳನ್ನು ವಿವರಿಸಿದೆ. ಮಾವನವರು ತಲೆಯಾಡಿಸಿದರು.

"ಅಂದ್ರ ಮೈ ಉಬ್ಬತೈತಿ, ಕಾವು ಕಮ್ಮಿ ಆಗ್ತೈತಿ. ಮದಿವಿ ಆದ ಮ್ಯಾಲೆ ನೀವು ಆದಂಗ, ಅಲ್ರೀ ಅಳಿಯಂದ್ರ?"

ಎಲ್ಲರೂ ನಕ್ಕರು. ವಿಜ್ಞಾನಕ್ಕಾಗಿ ಸಹಿಸಿಕೊಂಡೆ.

ಒಬ್ಬೊಬ್ಬರಾಗಿ ನೋಡಿ "ಹೌದ್ರಿ, ಹಳದಿ!" ಎಂದು ಒಪ್ಪಿದರು. ನಾನು ಹಿಗ್ಗಿ ದೈತ್ಯನೇ ಆದೆ! ಅಷ್ಟರಲ್ಲಿ ಮಾವನವರು ದುರ್ಬೀನನ್ನು ಪಡುವಣದ ಎಳೆ ಚಂದ್ರನತ್ತ ತಿರುಗಿಸಿದರು.

"ಅಳಿಯಂದ್ರ, ಚಂದ್ರನೂ ಹಳದಿ ಆಗ್ಯಾನ. ಅವನೂ ಉಬ್ಬ್ಯಾನ!"

ನಾನು ಬೇರೊಂದು ನಕ್ಷತ್ರಕ್ಕೆ ತಿರುಗಿಸಿದೆ. ಹಳದಿ. ಇನ್ನೊಂದು. ಅದೂ ಉಬ್ಬಿತ್ತು. ಒಂದೇ ವಾರದಲ್ಲಿ ಇಡೀ ಆಕಾಶಕ್ಕೆ ಬಡ್ತಿ!

ಗೌರಿ ಮುಂದೆ ಬಂದು ಕಣ್ಣಿಡುವ ಗಾಜನ್ನು ಕಂದೀಲಿಗೆ ಹಿಡಿದಳು. ಅದರ ತುಂಬ ಒಂದು ಹೆಬ್ಬೆರಳಿನ ಗುರುತು, ಎಣ್ಣೆ ಅರಿಶಿನದ ಸಮೇತ.

"ಆವತ್ತು ಮಂಡಕ್ಕಿ ವಗ್ಗರಣಿ ತಿನಕೊಂತ ಮಾಳಿಗಿ ಹತ್ತಿದ್ರಿ. ಕೈ ತೊಳಕೊಂಡಿದ್ರೇನ್ರಿ?"

ತೊಳೆದುಕೊಂಡಿರಲಿಲ್ಲ!

ಅವಳು ಸೆರಗಿನಿಂದ ಗಾಜು ಒರೆಸಿದಳು. ನನ್ನ ಉಪದೈತ್ಯ ಬೆಳ್ಳಗೆ, ಸೂಜಿಮೊನೆಯಷ್ಟು ಸಣ್ಣಗೆ, ಏನೂ ಆಗಿಲ್ಲದವನಂತೆ ಮಿನುಗುತ್ತಿದ್ದ. ಹಿರಿಯರು ಕೆಮ್ಮುತ್ತ ಏಣಿ ಇಳಿದರು. ಕೆಳಗೆ ಹೋದ ಮೇಲೆ ನಕ್ಕದ್ದು ಕೇಳಿಸಿತು.

ಮದರಾಸಿಗೆ ತಿದ್ದುಪಡಿ ಬರೆಯಲು ನಾಲ್ಕು ಸಲ ಕೂತೆ. ನಾಚಿಕೆಯಾಗಿ ನಾಲ್ಕು ಸಲವೂ ಎದ್ದೆ. ಹದಿನೈದು ದಿನಕ್ಕೆ ಅಲ್ಲಿಂದಲೇ ಒಂದು ಕಾರ್ಡು ಬಂತು. "ಮಹಾಶಯರೇ, ತಾವು ತಿಳಿಸಿದ ನಕ್ಷತ್ರವನ್ನು ನೋಡಿದೆವು. ಅದು ಮೊದಲಿನಂತೆಯೇ ಇದೆ. ತಾವು ಹೇಗಿದ್ದೀರಿ?"

"ಏನಂತ ಬರದಾರ್ರಿ?" ಎಂದಳು ಗೌರಿ.

ಕಾರ್ಡನ್ನು ಜೇಬಿಗಿಳಿಸಿ, "ಏನಿಲ್ಲ, ನನ್ನ ಆರೋಗ್ಯ ಕೇಳ್ಯಾರ" ಎಂದೆ.