ಹಕ್ಕಿಗಳ ಊಟದ ವಿರಾಮ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದೇ ಒಂದು ವಾಕ್ಯ: 'ಅಳಿವೆಯ ಪಕ್ಷಿಧಾಮದಲ್ಲಿ ಹಕ್ಕಿಗಳು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕಾಣಸಿಗುತ್ತವೆ, ಮಧ್ಯಾಹ್ನ ಒಂದೂವರೆಯಿಂದ ಎರಡರವರೆಗೆ ಊಟದ ವಿರಾಮ.'

ಕಡಲತೀರದ ಆ ಜಿಲ್ಲೆಯ ಪ್ರವಾಸ ಕಚೇರಿ ಅಚ್ಚು ಹಾಕಿಸಿದ ಕೈಪಿಡಿಯಲ್ಲಿ ಈ ವಾಕ್ಯ ಹನ್ನೊಂದು ವರ್ಷ ನೆಮ್ಮದಿಯಾಗಿ ಮಲಗಿತ್ತು. ಬರೆದವರು ಹಿರಿಯ ಗುಮಾಸ್ತರು. ಕೂತಲ್ಲಿಂದ ಏಳುವುದು ಅಪರೂಪವಾದ್ದರಿಂದ ಸಹೋದ್ಯೋಗಿಗಳು ಅವರಿಗೆ ಕುರ್ಚಿರಾಯರು ಎಂದು ಹೆಸರಿಟ್ಟಿದ್ದರು. ಜಿಲ್ಲೆಯ ಉದ್ಯಾನ, ಗುಡ್ಡ, ಮರಳುದಿಬ್ಬ, ದೀಪಸ್ತಂಭದ ಕಾಲುದಾರಿ, ಪಕ್ಷಿಧಾಮ ಎಲ್ಲವನ್ನೂ ಅವರು ಫ್ಯಾನಿನ ಕೆಳಗೆ ಕೂತೇ ಬಾಯಿ ತುಂಬ ವರ್ಣಿಸಿದ್ದರು. ನಕ್ಷೆಯೂ ಅವರದ್ದೇ. ಅಡಿಪಟ್ಟಿ ಇಟ್ಟು ಎಳೆದದ್ದರಿಂದ ಅದರಲ್ಲಿ ಯಾವ ದಾರಿಗೂ ತಿರುವು ಅನ್ನುವುದೇ ಇರಲಿಲ್ಲ.

ಹೊಸದಾಗಿ ಬಂದ ಅಧಿಕಾರಿ ಮೇಡಂ ಕೈಪಿಡಿಯನ್ನು ಓದಿಬಿಟ್ಟರು. ಅಲ್ಲಿಯವರೆಗೆ ಯಾವ ಅಧಿಕಾರಿಯೂ ಮಾಡದ ಕೆಲಸ ಅದು.

"ಹಕ್ಕಿಗಳಿಗೆ ಊಟದ ವಿರಾಮ ಕೊಟ್ಟಿದ್ದು ಯಾರು?"

"ನಾನೇ, ಮೇಡಂ. ಅವಕ್ಕೂ ಹೊಟ್ಟೆ ಇರುತ್ತಲ್ಲ..."

"ಈ ಐದು ಜಾಗದಲ್ಲಿ ನೀವು ಎಷ್ಟು ನೋಡಿದೀರಿ?"

"ಫೋಟೋದಲ್ಲಿ ಎಲ್ಲಾನೂ ನೋಡಿದೀನಿ, ಮೇಡಂ."

ಮೇಡಂ ನಗಲಿಲ್ಲ. "ಪಕ್ಷಿಧಾಮದ ಕಾವಲು ಮನೇಲಿ ಒಂದು ಹುದ್ದೆ ಖಾಲಿ ಇದೆ. ನಾಳೆ ಒಂದು ದಿನ ನಿಮಗೆ ಕೊಡ್ತೀನಿ. ಐದೂ ಜಾಗ ಸುತ್ತಿ, ಪ್ರತಿ ಕಡೆ ಕಾವಲುಗಾರರ ಮೊಹರು ಹಾಕಿಸ್ಕೊಂಡು, ಸಂಜೆ ಐದರೊಳಗೆ ನನ್ನ ಮುಂದೆ ನಿಂತಿರಬೇಕು. ಇಲ್ಲಾಂದ್ರೆ ಆ ಹುದ್ದೆ ನಿಮ್ದು."

ಕಾವಲು ಮನೆ ಅಂದರೆ ಕೆಸರಿನ ನಡುವೆ ನಾಲ್ಕು ಕಂಬದ ಮೇಲೆ ನಿಂತ ಹಲಗೆ ಗೂಡು. ಫ್ಯಾನಿಲ್ಲ, ಮಾತಿಗೆ ಜನವಿಲ್ಲ, ಸೊಳ್ಳೆಗೆ ಬರವಿಲ್ಲ. ಕುರ್ಚಿರಾಯರು ಹತ್ತೊಂಬತ್ತು ವರ್ಷ ಕೂತು ತಮ್ಮ ಅಳತೆಗೆ ಹದ ಮಾಡಿಕೊಂಡ ಕುರ್ಚಿಯ ಕೈಯನ್ನು ಒಮ್ಮೆ ಸವರಿದರು. ಪ್ರಾಣ ಹೋದರೂ ಸರಿ, ಇದನ್ನು ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದರು.

ಮರುದಿನ ಬೆಳಿಗ್ಗೆ ಆರಕ್ಕೇ ಬೂಟಿನ ಲಾಡಿ ಕಟ್ಟುತ್ತಿದ್ದ ಗಂಡನನ್ನು ನೋಡಿ ಹೆಂಡತಿ ಬೆರಗಾದಳು. "ತರಕಾರಿ ತನ್ನಿ ಅಂದ್ರೆ ಬಿಸಿಲು ಅಂತೀರಿ. ಈಗ ಗುಡ್ಡ ಹತ್ತೋಕೆ ಹೊರಟ್ರಾ?"

"ಇದು ತರಕಾರಿ ವಿಷಯ ಅಲ್ಲ ಕಣೇ, ಕುರ್ಚಿ ವಿಷಯ!"

ಮೊದಲ ಎಡವಟ್ಟು ಬಸ್ ನಿಲ್ದಾಣದಲ್ಲೇ ಕಾದಿತ್ತು. ಕೈಪಿಡಿಯ ಪ್ರಕಾರ ಅರ್ಧ ಗಂಟೆಗೊಂದು ಬಸ್ಸು. ಒಂದು ಗಂಟೆ ಕಾದರೂ ಬಸ್ಸಿನ ಸುಳಿವಿಲ್ಲ. ಅಷ್ಟರಲ್ಲಿ ಒಂದು ವ್ಯಾನು ಬಂದು ನಿಂತಿತು. ಒಳಗೆ ಊರಿನ ನಡಿಗೆ ಸಂಘದ ಹನ್ನೊಂದು ಮಂದಿ. ಮುಂದಿನ ಸೀಟಿನಲ್ಲಿ ಸಂಘದ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಎಲ್ಲರ ಬಾಯಲ್ಲೂ ಅವರು ದೊಡ್ಡ ಟೀಚರ್. ಅವರ ಬಾಯಲ್ಲಿ ಎಲ್ಲರೂ ಏಕವಚನ.

"ಬಸ್ಸಿಗೆ ಕಾಯ್ತಿದೀಯೇನಪ್ಪಾ? ಅದು ನಿಂತು ನಾಲ್ಕು ವರ್ಷ ಆಯ್ತು. ನೀನೂ ಈ ದರಿದ್ರ ಪುಸ್ತಕ ನಂಬಿದ್ಯಾ? ಹತ್ತು, ನಾವೂ ಅದರಲ್ಲಿರೋ ಐದು ಜಾಗಕ್ಕೇ ಹೊರಟಿರೋದು."

ಅವರ ಕೈಯಲ್ಲಿ ಅದೇ ಕೈಪಿಡಿ. ಕುರ್ಚಿರಾಯರು ತಮ್ಮ ಪ್ರತಿಯನ್ನು ಅಂಗಿಯೊಳಗೆ ತುರುಕಿಕೊಂಡು ತೆಪ್ಪಗೆ ಹತ್ತಿದರು. ಕೆಲಸ ಏನೆಂದು ಕೇಳಿದ್ದಕ್ಕೆ ಗುಮಾಸ್ತ ಎಂದರು, ಯಾವ ಕಚೇರಿ ಎಂದು ಹೇಳಲಿಲ್ಲ.

ಉದ್ಯಾನ ಸಲೀಸಾಗಿ ಮುಗಿದು ಮೊದಲ ಮೊಹರು ಬಿತ್ತು. ಗುಡ್ಡ ಹಾಗಲ್ಲ. ಪುಸ್ತಕದಲ್ಲಿ 'ಮಗುವೂ ಹತ್ತಬಲ್ಲ ಹತ್ತು ನಿಮಿಷದ ಏರು' ಎಂದಿದ್ದ ಗುಡ್ಡದ ಅರ್ಧಕ್ಕೆ ಬರುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ಸಂಘದ ಟೈಲರ್ ಬಂಡೆಯ ಮೇಲೆ ಕುಸಿದು ಕೂತ.

"ಇದನ್ನ ಬರೆದೋನು ನನ್ನ ಕೈಗೆ ಸಿಗಲಿ, ಅಂಗಿ ತೋಳು ಎರಡನ್ನೂ ಸೇರಿಸಿ ಹೊಲಿದುಬಿಡ್ತೀನಿ!"

ಎಲ್ಲರೂ ಒಂದೊಂದು ಬೈಗುಳ ಸೇರಿಸಿದರು. ಸುಮ್ಮನಿದ್ದವರು ಒಬ್ಬರೇ. ದೊಡ್ಡ ಟೀಚರ್ ಕನ್ನಡಕದ ಮೇಲಿಂದ ನೋಡಿದರು. "ನಿಂಗೆ ಸಿಟ್ಟು ಬರಲ್ವೇನಪ್ಪಾ?"

"ಬರದೇ ಇರುತ್ತಾ ಟೀಚರ್!" ಕುರ್ಚಿರಾಯರು ಬೆಚ್ಚಿ ಎದ್ದುನಿಂತರು. "ಅವನೊಬ್ಬ ಶುದ್ಧ ಸೋಮಾರಿ! ಕೂತ ಜಾಗದಿಂದ ಎದ್ದವನಲ್ಲ! ಮೂರು ಹೊತ್ತೂ ಟೀ ಕುಡೀತಾ ಬಾಯಿಗೆ ಬಂದದ್ದು ಬರೆದಿದಾನೆ!"

ಒಳಗಿನ ಸಂಗತಿಯೆಲ್ಲ ಗೊತ್ತಿದ್ದವರ ಬೈಗುಳ. ಗುರಿ ತಪ್ಪಲು ಸಾಧ್ಯವೇ? ಸಂಘ ಚಪ್ಪಾಳೆ ತಟ್ಟಿತು. ಅಲ್ಲಿಂದ ಮುಂದೆ ಎಲ್ಲಿ ಎಡವಿದರೂ ಬೈಯುವ ಜವಾಬ್ದಾರಿ ಅವರದ್ದೇ ಆಯಿತು. 'ಸಾಲುಮರಗಳ ನೆರಳು' ಎಂದು ಬರೆದಿದ್ದ ಮರಳುದಿಬ್ಬದಲ್ಲಿ ಒಂದು ಪೊದೆಯೂ ಇರಲಿಲ್ಲ, ಬೈದರು. ನಕ್ಷೆಯಲ್ಲಿ ನೆಟ್ಟಗಿದ್ದ ದೀಪಸ್ತಂಭದ ದಾರಿ ಒಂಬತ್ತು ಕಡೆ ತಿರುಗಿತು. ಒಂಬತ್ತು ಸಲ ಬೈದರು. ಗಂಟಲು ಕಟ್ಟಿತು, ಆದರೆ ನಾಲ್ಕು ಮೊಹರು ಕೈಸೇರಿದ್ದವು.

ಉಳಿದದ್ದು ಪಕ್ಷಿಧಾಮ. 'ಮರಳಿನ ಮೇಲೆ ನೇರ ನಡಿಗೆ' ಎಂಬುದನ್ನು ನಂಬಿ, ನದಿ ಕಡಲು ಸೇರುವ ಅಳಿವೆಗೆ ಇಳಿದದ್ದೇ ತಡ, ಕಡಲ ಉಬ್ಬರದ ನೀರು ನುಗ್ಗಿತು. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಕುರ್ಚಿರಾಯರ ಎಡಗಾಲಿನ ಬೂಟನ್ನು ಕೆಸರು ನುಂಗಿತು. "ಹಿಂದಕ್ಕೆ ಬನ್ನಿ ಸ್ವಾಮಿ!" ಎಂದು ಟೈಲರ್ ಕೂಗಿದ. ಅವರು ಮೊಹರು ಬಿದ್ದ ಕೈಪಿಡಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಮುಂದಕ್ಕೇ ನಡೆದರು. ಹಿಂದೆ ಹೋದರೆ ಬೂಟು ಸಿಗಬಹುದು, ಕುರ್ಚಿ ಸಿಗದು.

ಹಿಂದೆಯೇ ಬಂದ ಸಂಘದವರೂ ದಡ ಸೇರಿದಾಗ ಗಂಟೆ ಒಂದೂ ಮುಕ್ಕಾಲು. ಒಂದು ಹಕ್ಕಿಯೂ ಇಲ್ಲ.

"ಊಟಕ್ಕೆ ಹೋಗಿರ್ಬೇಕು," ಎಂದರು ದೊಡ್ಡ ಟೀಚರ್, ಸೀರೆ ಹಿಂಡುತ್ತಾ. "ಇನ್ನು ಇದನ್ನ ಸುಮ್ನೆ ಬಿಡೋದಿಲ್ಲ. ಪ್ರವಾಸ ಕಚೇರಿಗೆ ಅರ್ಜಿ ಕೊಡೋಣ. ನೀನು ಗುಮಾಸ್ತ ಅಂದ್ಯಲ್ಲ, ಬರಿ."

ಕುರ್ಚಿರಾಯರು ಮೊದಲು ಬೆವತರು, ಆಮೇಲೆ ಒಳಗೊಳಗೇ ನಕ್ಕರು. ಪ್ರವಾಸ ಕಚೇರಿಗೆ ಬರುವ ದೂರುಗಳೆಲ್ಲ ಬಂದು ಬೀಳುವುದು ತಮ್ಮ ಮೇಜಿಗೇ. ಅಲ್ಲಿ ಕೆಳಗಿನ ಡ್ರಾಯರು ಸೇರಿದ ಕಾಗದ ಮತ್ತೆ ಬೆಳಕು ಕಂಡದ್ದಿಲ್ಲ. ಪಕ್ಷಿಧಾಮದ ಗೇಟಿನ ಕಾವಲುಗಾರನಿಂದ ಐದನೇ ಮೊಹರು ಹಾಕಿಸಿಕೊಂಡು ಧೈರ್ಯವಾಗಿ ಪೆನ್ನು ಹಿಡಿದರು.

ಹಿಡಿದ ಮೇಲೆ ಕೈ ಮಾತು ಕೇಳಲಿಲ್ಲ. ಹತ್ತೊಂಬತ್ತು ವರ್ಷದ ಪಳಗಿದ ಕೈ. 'ಕೈಪಿಡಿ ಬರೆದವರನ್ನು ಕೂಡಲೇ ಪಕ್ಷಿಧಾಮದ ಕಾವಲು ಮನೆಗೆ ಎರಡು ವರ್ಷ ನೇಮಿಸಬೇಕು' ಎಂದು ಬರೆದರು. ತಾವಾಗಿದ್ದರೆ ಇಂಥ ಆದೇಶದಿಂದ ಹೇಗೆ ನುಣುಚಿಕೊಳ್ಳುತ್ತಿದ್ದೆವು ಎಂದು ಯೋಚಿಸಿ, ಆ ಸಂದುಗಳನ್ನೆಲ್ಲ ಮುಚ್ಚಿದರು. ಮಂಡಿನೋವನ್ನು ಪರಿಗಣಿಸಬಾರದು. ವಯಸ್ಸನ್ನು ಪರಿಗಣಿಸಬಾರದು. ಎಷ್ಟೇ ಅತ್ತರೂ ಪರಿಗಣಿಸಬಾರದು.

"ಭೇಷ್! ಬರೆದವನೇ ಮೊದಲು ಸಹಿ ಹಾಕು," ಎಂದರು ಟೀಚರ್. ಹಾಕದೆ ವಿಧಿಯಿರಲಿಲ್ಲ. ಸಹಿಯ ಕೆಳಗೆ 'ಪ್ರತಿ: ಮಾನ್ಯ ಅಧಿಕಾರಿಯವರಿಗೆ, ಖುದ್ದಾಗಿ' ಎಂದೂ ಕೈ ತಾನಾಗಿ ಬರೆಯಿತು. ಆ ಸಾಲಿಲ್ಲದ ಅರ್ಜಿ ಅವರ ಕಣ್ಣಿಗೆ ಗುಂಡಿಯಿಲ್ಲದ ಅಂಗಿ. ಹನ್ನೊಂದು ಮಂದಿಯೂ ಸಹಿ ಹಾಕಿದರು, ಟೀಚರ್ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರು.

"ನಾನೇ ತಲುಪಿಸ್ತೀನಿ ಟೀಚರ್, ಕಚೇರಿ ನನ್ನ ದಾರೀಲೇ ಇದೆ," ಎಂದು ಕುರ್ಚಿರಾಯರು ಅರ್ಜಿಯನ್ನು ಜೇಬಿಗಿಳಿಸಿದರು.

ಐದಕ್ಕೆ ಹತ್ತು ನಿಮಿಷ ಇರುವಾಗ ಸೊಂಟದವರೆಗೆ ಕೆಸರು ಮೆತ್ತಿಕೊಂಡು, ಒಂದೇ ಬೂಟಿನಲ್ಲಿ ಕುಂಟುತ್ತಾ ಮೇಡಂ ಮುಂದೆ ನಿಂತರು. ಮೇಡಂ ಐದೂ ಮೊಹರು ಎಣಿಸಿದರು. ಅವರ ಮುಖದಲ್ಲಿ ನಿಜವಾದ ಮೆಚ್ಚುಗೆ ಇತ್ತು.

"ಶಹಬ್ಬಾಸ್! ಮಾತು ಅಂದ್ರೆ ಮಾತು. ನಾನಾಗಿ ನಿಮ್ಮನ್ನ ಎಲ್ಲಿಗೂ ಕಳಿಸಲ್ಲ."

ಕುರ್ಚಿರಾಯರಿಗೆ ಕಣ್ಣು ತುಂಬಿ ಬಂತು. ಇಡೀ ದಿನದ ನೋವು ಇಳಿದುಹೋಯಿತು.

"ಆದ್ರೆ ನೀವೇ ಹೋಗ್ತೀನಿ ಅಂತ ಹಟ ಹಿಡಿದ್ರೆ ನಾನು ತಡೆಯೋದು ಹೇಗೆ?" ಮೇಡಂ ತಮ್ಮ ಮೊಬೈಲನ್ನು ಅವರತ್ತ ತಿರುಗಿಸಿದರು. ಅದರಲ್ಲಿ ಅವರದೇ ದುಂಡು ಅಕ್ಷರ, ಅವರದೇ ಸಹಿ. "ಯಾರೋ ಟೀಚರ್ ಅಂತೆ. ಪ್ರತಿ ನನಗೆ ಖುದ್ದಾಗಿ ತಲುಪಬೇಕು ಅಂತ ನೀವು ಬರೆದಿದೀರಂತೆ, ಅದಕ್ಕೇ ನನ್ನ ನಂಬರ್ ಹುಡುಕಿ ಕಳಿಸಿದಾರೆ."

"ಮೇಡಂ, ನನ್ನ ಮಂಡಿ..."

"ನಾಲ್ಕನೇ ಸಾಲು."

"ಈ ವಯಸ್ಸಲ್ಲಿ..."

"ಐದನೇದು. ಅಳಬೇಡಿ, ಅದು ಆರನೇದು. ತಳ್ಳಿಹಾಕೋಣ ಅಂತ ಎರಡು ಸಲ ಓದಿದೆ. ಒಂದು ಸಂದೂ ಬಿಟ್ಟಿಲ್ಲ ನೀವು."

ಮೇಡಂ ಆದೇಶಕ್ಕೆ ಸಹಿ ಹಾಕಿ ಮುಂದೆ ತಳ್ಳಿದರು. 'ನೌಕರರ ಸ್ವಂತ ಕೋರಿಕೆಯ ಮೇರೆಗೆ ವರ್ಗಾವಣೆ' ಎಂದು ಅದರಲ್ಲಿ ಸ್ಪಷ್ಟವಾಗಿತ್ತು.

"ಸ್ವಂತ ಕೋರಿಕೆ ಆದ್ರಿಂದ," ಎಂದರು ಮೇಡಂ ಮರುಕದಿಂದ, "ಪ್ರಯಾಣ ಭತ್ಯೆ ಬರಲ್ಲ."